ಕೇಳುವವರು ಸಿಕ್ಕ ಮೇಲೆ: ವಾಚ್ ಕಾರ್ಖಾನೆಯ ನಿವೃತ್ತ ಕೆಲಸಗಾರ್ತಿಯೊಬ್ಬರು ಬರೆಯತೊಡಗಿದ ಪ್ರಕರಣ

ಇದು ಅರವತ್ತು ದಾಟಿದ ಒಬ್ಬ ಮಹಿಳೆಯ ಪ್ರಕರಣ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದು, ಸ್ವಯಂ ನಿವೃತ್ತಿ ಪಡೆದು, ಮತ್ತಿಕೆರೆಯ ಮನೆಯಲ್ಲಿ ಸಂಸಾರ ನೋಡಿಕೊಂಡಿದ್ದವರು. ಬೀರುವಿನ ಕೆಳಗಿನ ಅರೆಯಲ್ಲಿ ಅವರು ಬರೆದ ಡೈರಿಗಳು ತುಂಬಿದ್ದವು. ಅದರಲ್ಲಿನ ಒಂದು ಪುಟವನ್ನೂ ಮನೆಯವರಲ್ಲದೆ ಬೇರೆ ಯಾರೂ ಓದಿರಲಿಲ್ಲ. ಈಗ ಅವರ ಬರಹ ಅಚ್ಚಾಗುತ್ತಿದೆ. ಓದಿದವರು ಉತ್ತರ ಬರೆಯುತ್ತಾರೆ, ಕೆಲವರು ಫೋನು ಮಾಡಿ ಜಗಳವಾಡುತ್ತಾರೆ. ಈ ಎರಡು ಸ್ಥಿತಿಗಳ ನಡುವೆ ಏನೇನು ನಡೆಯಿತು, ಯಾವುದು ಅವರನ್ನು ತಡೆದಿತ್ತು, ಯಾವುದು ಮುಂದಕ್ಕೆ ತಂದಿತು ಎಂಬುದನ್ನು ದಾಖಲಿಸುವುದು ಈ ಅಧ್ಯಯನದ ಉದ್ದೇಶ.

ಮಲ್ಲೇಶ್ವರದಲ್ಲಿ ತಿಂಗಳಿಗೊಮ್ಮೆ ಸೇರುವ, ಹೊಸದಾಗಿ ಬರೆಯುವವರ ಸಣ್ಣ ಗುಂಪೊಂದನ್ನು ನಡೆಸುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಈ ಪ್ರಕರಣವನ್ನು ನಾನು ದೂರದಿಂದ ಕಂಡವಳಲ್ಲ, ಅದರೊಳಗೇ ಇದ್ದವಳು. ಅವರ ಹೆಸರನ್ನು ಹೇಳುವುದಿಲ್ಲ; ಅದು ಅವರದೇ ಷರತ್ತು. ಗುಂಪಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಾರೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಕೆಲಸಕ್ಕೆ ಸಂಬಂಧಿಸಿದ ವಿವರಗಳನ್ನು ಅವರೇ ಓದಿ ಪರಿಶೀಲಿಸಿದ್ದಾರೆ.

ಹಿನ್ನೆಲೆ

ಹಿಂದುಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅದರ ವಾಚ್ ಕಾರ್ಖಾನೆ ಬಂದದ್ದು 1961ರಲ್ಲಿ. ಮುಂದಿನ ಎರಡು ಮೂರು ದಶಕ ಕರ್ನಾಟಕದ ಮನೆಗಳಲ್ಲಿ ಎಚ್‌ಎಂಟಿ ವಾಚು ಎಂದರೆ ಏನಿತ್ತೆಂದು ಆ ತಲೆಮಾರಿನವರಿಗೆ ಹೇಳಬೇಕಾಗಿಲ್ಲ. ಅಳಿಯನಿಗೆ ಮದುವೆಯಲ್ಲಿ ಕೊಡುತ್ತಿದ್ದುದು ಅದು, ಮಗ ಎಸ್‌ಎಸ್‌ಎಲ್‌ಸಿ ಪಾಸಾದರೆ ಕೊಡಿಸುತ್ತಿದ್ದುದೂ ಅದು. ದಿನಕ್ಕೊಮ್ಮೆ ಕೀ ಕೊಡಬೇಕಾದ ಹದಿನೇಳು ಜ್ಯುವೆಲ್‌ಗಳ (ಚಕ್ರಗಳ ಅಚ್ಚು ಕೂರುವ ಪುಟ್ಟ ಹರಳುಗಳ) ‘ಜನತಾ’ ವಾಚನ್ನು ಇಂದಿಗೂ ಕಟ್ಟಿಕೊಳ್ಳುವವರಿದ್ದಾರೆ.

ಮಾಗಡಿ ಕಡೆಯ ಹಳ್ಳಿಯೊಂದರಿಂದ ಬಂದ ಅಕ್ಕ ಎಪ್ಪತ್ತರ ದಶಕದ ಕೊನೆಯಲ್ಲಿ ತರಬೇತಿಗೆ ಸೇರಿ, ಜೋಡಣೆ ವಿಭಾಗದಲ್ಲಿ ನೆಲೆಯಾದರು. 1948ರ ಕಾರ್ಖಾನೆಗಳ ಕಾಯ್ದೆ ಹೆಂಗಸರನ್ನು ರಾತ್ರಿ ಪಾಳಿಯಲ್ಲಿ ದುಡಿಸುವುದನ್ನು ತಡೆದಿತ್ತು; ಅವರ ನೆನಪಿನ ಕಾರ್ಖಾನೆ ಹಗಲಿನದು. ಬೆಳಗಿನ ಬಸ್ಸು, ಬಿಳಿ ಕೋಟು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಚಿಮಟ. ಅವರ ಪಾಲಿಗೆ ಬಂದ ಕೆಲಸ ಬ್ಯಾಲೆನ್ಸ್ ಚಕ್ರಕ್ಕೆ ಹೇರ್‌ಸ್ಪ್ರಿಂಗ್ ಹೊಂದಿಸುವುದು. ಕೂದಲಿಗಿಂತ ತೆಳುವಾದ ಆ ಸುರುಳಿ ಬಿಚ್ಚಿ ಮುಚ್ಚಿಕೊಂಡಂತೆ ಚಕ್ರ ಅತ್ತಿಂದಿತ್ತ ತೂಗುತ್ತದೆ. ಕೀ ಕೊಡುವ ಆ ವಾಚುಗಳಲ್ಲಿ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ವಾಚು ಸರಿಯಾದ ಸಮಯ ಹೇಳುವುದೂ ಹೇಳದಿರುವುದೂ ಬಹುಪಾಲು ಆ ಸುರುಳಿಯ ಕೈಯಲ್ಲಿದೆ.

ಅಕ್ಕ ಬರೆಯಲು ಹಿಡಿದದ್ದು ನಿವೃತ್ತಿಯ ನಂತರ. ಕೇಂದ್ರ ಸರ್ಕಾರ 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಪ್ರಕಟಿಸಿದಾಗ ಬರೆಯುವುದು ಹೆಚ್ಚಾಯಿತು. ಯಾರು ಎಲ್ಲಿ ಕೂರುತ್ತಿದ್ದರು, ಯಾರ ಡಬ್ಬಿಯಲ್ಲಿ ಏನಿರುತ್ತಿತ್ತು, ರಾಜ್ಯೋತ್ಸವಕ್ಕೆ ಯಾವ ಹಾಡು ಕಲಿತರು, ಯಾರ ಹೆರಿಗೆಗೆ ಎಲ್ಲರೂ ಸೇರಿ ಎಷ್ಟು ಹಣ ಕೂಡಿಸಿದರು, ಎಲ್ಲವೂ ಆ ಡೈರಿಗಳಲ್ಲಿತ್ತು.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ಬೆಂಗಳೂರನ್ನು ಇಂದು ಎಲ್ಲರೂ ಸಾಫ್ಟ್‌ವೇರ್ ನಗರ ಎನ್ನುತ್ತಾರೆ. ಅದಕ್ಕೂ ಮುಂಚೆ ಈ ಊರನ್ನು ನಾಲ್ಕೂ ದಿಕ್ಕಿಗೆ ಹಿಗ್ಗಿಸಿದ್ದು ಕಾರ್ಖಾನೆಗಳು: 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನಿನ ಐಟಿಐ, ನಂತರ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್. ಹಳ್ಳಿಗಳಿಂದ ಬಂದ ಸಾವಿರಾರು ಕುಟುಂಬಗಳು ಇವುಗಳ ಸೈರನ್ನಿಗೆ ತಕ್ಕಂತೆ ಬದುಕು ಕಟ್ಟಿಕೊಂಡವು. ಕನ್ನಡದಲ್ಲಿ ಹಳ್ಳಿಯ ಬದುಕಿನ ಬಗ್ಗೆ ಓದಲು ಬೇಕಾದಷ್ಟಿದೆ. ಆ ಕಾರ್ಖಾನೆಗಳ ಬೆಂಚಿನ ಮೇಲೆ ಕುಳಿತವರು, ಅದರಲ್ಲೂ ಹೆಂಗಸರು, ತಮ್ಮ ಕೆಲಸದ ಬಗ್ಗೆ ತಾವೇ ಬರೆದದ್ದು ನನಗೆ ಓದಲು ಸಿಕ್ಕಿರುವುದು ತೀರಾ ಕಡಿಮೆ. ಅವರಿಗೆಲ್ಲ ವಯಸ್ಸಾಗುತ್ತಿದೆ. ಒಬ್ಬೊಬ್ಬರೇ ಹೊರಟುಹೋಗುತ್ತಿದ್ದಾರೆ. ಅಕ್ಕನಂಥವರು ಬರೆಯಲು ಹಿಂಜರಿದರೆ ನಷ್ಟ ಅವರೊಬ್ಬರದಲ್ಲ. ಈ ಪ್ರಕರಣ ನನಗೆ ಇಷ್ಟು ಮುಖ್ಯವಾಗಿರುವುದು ಆ ಕಾರಣಕ್ಕೆ.

ತಡೆದದ್ದು ಏನು

ಅಕ್ಕನಿಗೆ ಪ್ರೋತ್ಸಾಹ ಇರಲಿಲ್ಲ ಎನ್ನುವಂತಿಲ್ಲ. ಸೊಸೆ ಡೈರಿಯ ಎರಡು ಪುಟ ಓದಿ ತುಂಬಾ ಚೆನ್ನಾಗಿದೆ ಎಂದು ಮೆಚ್ಚಿದ್ದರು. ಮಗ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಟೈಪಿಂಗ್ ಹಾಕಿಕೊಟ್ಟಿದ್ದ. ತಂಗಿಯ ಮಗ ದುಬಾರಿ ಪೆನ್ನು ತಂದಿದ್ದ. ನೆಂಟರ ಮನೆಯ ಸಮಾರಂಭಗಳಲ್ಲಿ ‘ನೀವು ಪುಸ್ತಕ ಬರೆಯಬೇಕು’ ಎನ್ನುವವರು ಹಲವರಿದ್ದರು. ಇಷ್ಟಾದರೂ ವರ್ಷಗಳು ಕಳೆದವು, ಒಂದು ಪುಟವೂ ಅಚ್ಚಿಗೆ ಹೋಗಲಿಲ್ಲ.

ನಮ್ಮಲ್ಲಿಗೆ ಬಂದ ಹೊಸತರಲ್ಲಿ ಇದರ ಬಗ್ಗೆ ಅವರೊಂದಿಗೆ ನಿಧಾನವಾಗಿ ಮಾತನಾಡಿದೆ. ಅವರು ಹೇಳಿದ್ದರಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದು: ಚೆನ್ನಾಗಿದೆ ಎಂದು ಹೇಳಿಸಿಕೊಂಡಾಗಲೆಲ್ಲ ಅವರಿಗೆ ಭಯ ಹೆಚ್ಚಾಗುತ್ತಿತ್ತು. ಮುಂದಿನದು ಅಷ್ಟು ಚೆನ್ನಾಗಿ ಬರದಿದ್ದರೆ? ಮನೆಯವರು ಪ್ರೀತಿಗೆ ಹೇಳಿದ್ದನ್ನು ನಿಜವೆಂದು ನಂಬಿ ಹೊರಗೆ ಹೋಗಿ ನಗೆಪಾಟಲಾದರೆ? ಹೊಗಳಿದವರು ಯಾರೂ ಡೈರಿಯಲ್ಲಿದ್ದ ಯಾವುದೇ ಸಂಗತಿಯ ಬಗ್ಗೆ ಮಾತೆತ್ತಿರಲಿಲ್ಲ. ಹೇರ್‌ಸ್ಪ್ರಿಂಗ್ ಎಂದರೇನು ಎಂದು ಮಗನೂ ಕೇಳಿರಲಿಲ್ಲ. ಮಾತು ಅಕ್ಕನ ಬಗ್ಗೆ ಇತ್ತು, ಅಕ್ಕ ಬರೆದ ವಿಷಯದ ಬಗ್ಗೆ ಇರಲಿಲ್ಲ. ಹೀಗೆ ಹೊಗಳಿಸಿಕೊಂಡವರು ಬರೆಯಲು ಕುಳಿತಾಗ ತಮ್ಮನ್ನೇ ತೂಗಿಕೊಳ್ಳುತ್ತಾರೆ. ಕೈ ಓಡುವುದು ಹೇಗೆ?

ಎರಡನೆಯದು ಭಾಷೆಯ ಹಿಂಜರಿಕೆ. ಒತ್ತಕ್ಷರ, ಮಹಾಪ್ರಾಣಗಳಲ್ಲಿ ತಪ್ಪಾಗುತ್ತದೆ ಎಂಬ ಅಳುಕು. ತಮ್ಮ ಬರಹವನ್ನು ಪರಿಚಯಸ್ಥ ಲೇಖಕರೊಬ್ಬರಿಗೆ ಒಮ್ಮೆ ಕೊಟ್ಟಿದ್ದರಂತೆ. ಭಾಷೆ ಇನ್ನೂ ಪಕ್ವವಾಗಬೇಕು ಎಂಬ ಒಂದೇ ಸಾಲಿನೊಂದಿಗೆ ಅದು ಮರಳಿತು. ಸಾಹಿತ್ಯ ಸಮಾರಂಭವೊಂದರಲ್ಲಿ, ಪಂಪನಿಂದ ಇಂದಿನವರೆಗೆ ಎಲ್ಲರನ್ನೂ ಓದಿಕೊಳ್ಳದೆ ಬರೆಯಲು ಹೊರಡಬಾರದು ಎಂದು ಭಾಷಣಕಾರರೊಬ್ಬರು ಹೇಳಿದ್ದನ್ನು ಕೇಳಿ ಮನೆಗೆ ಬಂದವರು ತಿಂಗಳುಗಟ್ಟಲೆ ಡೈರಿಯನ್ನೂ ಮುಟ್ಟಲಿಲ್ಲ. ಓದು ಬೇಕು, ನಿಜ. ಆದರೆ ಹೇರ್‌ಸ್ಪ್ರಿಂಗ್ ಹೊಂದಿಸುವ ವಿದ್ಯೆಯನ್ನು ಬಲ್ಲವರು ಅದನ್ನು ಹೇಳಲು ಪಂಪನ ಅನುಮತಿಗಾಗಿ ಕಾಯಬೇಕೆಂದರೆ ನಾನು ಒಪ್ಪುವುದಿಲ್ಲ.

ಮೂರನೆಯದು ವಯಸ್ಸು. ಹೊಸ ಬರಹಗಾರರಿಗೆ ಎಂದು ನಾವು ಯೋಚಿಸುವ ಸ್ಪರ್ಧೆ, ಕಮ್ಮಟ, ಚೊಚ್ಚಲ ಕೃತಿಯ ಸಹಾಯಧನ ಇವುಗಳಲ್ಲಿ ಬಹಳಷ್ಟು ಯುವಜನರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಅದು ತಪ್ಪಲ್ಲ. ಆದರೆ ಅರವತ್ತರಲ್ಲಿ ಹೊಸಬರಾಗುವವರು ಆ ಬಾಗಿಲುಗಳ ಮುಂದೆ ನಿಂತು ತಾನಾಗಿಯೇ ಹಿಂದಿರುಗುತ್ತಾರೆ. ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಆರಂಭಿಸಿದ್ದು 45ನೆಯ ವಯಸ್ಸಿನಲ್ಲಿ ಎಂದು ನಾನು ಹೇಳಿದಾಗ ಅಕ್ಕ ಅರ್ಧ ಸಮಾಧಾನಗೊಂಡರು. ಸಾರಾ ಅಬೂಬಕ್ಕರ್ ಅವರೂ ನಲವತ್ತು ದಾಟಿದ ಮೇಲೆಯೇ, 1980ರಲ್ಲಿ ಬೆಂಗಳೂರಿನಿಂದ ಹೊರಡತೊಡಗಿದ ಲಂಕೇಶ್ ಪತ್ರಿಕೆಯ ಮೂಲಕ ಓದುಗರಿಗೆ ಪರಿಚಯವಾದವರು. ‘ಅವರೆಲ್ಲ ನನಗಿಂತ ಚಿಕ್ಕವರೇ ಆಗಿದ್ದರಲ್ಲ’ ಎಂದರು ಅಕ್ಕ. ದೊಡ್ಡವರ ಉದಾಹರಣೆ ಕೊಟ್ಟು ಒಬ್ಬರನ್ನು ಬರೆಯಲು ಕೂರಿಸುವುದು ಕಷ್ಟ. ಉದಾಹರಣೆ ಬಾಗಿಲು ತೆರೆದಿದೆಯೆಂದು ತೋರಿಸುತ್ತದೆ, ಅಷ್ಟೇ. ಒಳಗೆ ತಮಗಾಗಿ ಯಾರಾದರೂ ಕಾಯುತ್ತಿದ್ದಾರೆಯೇ ಎಂಬುದು ಬರೆಯುವವರ ಪ್ರಶ್ನೆ.

ಒಂದು ಪ್ರಶ್ನೆ

ನಮ್ಮ ಗುಂಪಿನಲ್ಲಿ ಒಂದು ನಿಯಮವಿದೆ. ಯಾರಾದರೂ ಓದಿದ ಮೇಲೆ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ. ಕೇಳಿದವರು ಮೊದಲು ಪ್ರಶ್ನೆ ಕೇಳಬೇಕು, ಅದೂ ನಿಜವಾಗಿ ಉತ್ತರ ಬೇಕಿರುವ ಪ್ರಶ್ನೆ. ಓದಿದವರು ಅವನ್ನು ಬರೆದುಕೊಳ್ಳುತ್ತಾರೆ, ಮುಂದಿನ ತಿಂಗಳ ಕೆಲಸ ಆ ಪಟ್ಟಿಯಿಂದ ಹುಟ್ಟುತ್ತದೆ. ಅಭಿಪ್ರಾಯಗಳ ಸರದಿ ಬರುವುದು ಎರಡನೆಯ ಓದಿಗೆ.

ಅಕ್ಕ ಮೊದಲ ಸಲ ಓದಿದ್ದು ‘ಕಾಯಕವೇ ಕೈಲಾಸ’ ಎಂದು ಆರಂಭವಾಗಿ, ದೇಶದ ಪ್ರಗತಿಯಲ್ಲಿ ಕಾರ್ಮಿಕರ ಪಾತ್ರದ ಬಗ್ಗೆ ನಾಲ್ಕು ಪುಟ ಸಾಗುವ ಒಂದು ಪ್ರಬಂಧ. ಡೈರಿಗಳಲ್ಲಿದ್ದ ಡಬ್ಬಿ, ಬಸ್ಸು, ಹೆರಿಗೆ ಯಾವುದೂ ಅದರಲ್ಲಿರಲಿಲ್ಲ. ಹೊರಗಿನವರ ಮುಂದೆ ಓದುವುದೆಂದರೆ ಹಾಗಿರಬೇಕೆಂದು ಅವರು ತಿಳಿದಿದ್ದರು. ನಡುವೆ ಒಂದೇ ಒಂದು ವಾಕ್ಯದಲ್ಲಿ, ಹೇರ್‌ಸ್ಪ್ರಿಂಗ್ ಸರಿಯಿಲ್ಲದಿದ್ದರೆ ಯಂತ್ರಕ್ಕಿಂತ ಮೊದಲು ನಮಗೆ ತಿಳಿಯುತ್ತಿತ್ತು ಎಂಬ ಮಾತು ಬಂದುಹೋಯಿತು.

ಎಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಅಂದು ಅಲ್ಲಿದ್ದಳು. ಅವಳು ಕೇಳಿದ್ದು ಇಷ್ಟೇ: ‘ಅಮ್ಮ, ಅದು ನಿಮಗೆ ಹೇಗೆ ತಿಳಿಯುತ್ತಿತ್ತು?’

ಮುಂದಿನ ಹದಿನೈದು ಇಪ್ಪತ್ತು ನಿಮಿಷ ನಾವು ಬೇರೆಯೇ ಒಬ್ಬರನ್ನು ಕಂಡೆವು. ಅಕ್ಕ ಕಾಗದ ಮಡಚಿಟ್ಟರು. ಎರಡು ಬೆರಳು ಚಿಮಟದ ಹಾಗೆ ಕೂಡಿಕೊಂಡವು. ಸುರುಳಿಯ ಒಳ ತುದಿ ಚಕ್ರದ ಅಚ್ಚಿಗೆ, ಹೊರ ತುದಿ ಮೇಲಿನ ಸೇತುವೆಗೆ (ಚಕ್ರವನ್ನು ಮೇಲಿನಿಂದ ಹಿಡಿದಿಡುವ ಲೋಹದ ತುಂಡಿಗೆ) ಸೇರುವುದನ್ನು ಗಾಳಿಯಲ್ಲೇ ಬಿಡಿಸಿ ತೋರಿಸಿದರು. ಸುತ್ತುಗಳೆಲ್ಲ ಒಂದೇ ಮಟ್ಟದಲ್ಲಿ, ಒಂದಕ್ಕೊಂದು ತಾಗದಂತೆ, ಸಮ ಅಂತರದಲ್ಲಿ ಇರಬೇಕು. ಪಕ್ಕದಿಂದ ನೋಡಿದಾಗ ಬೆಳಕು ಎಲ್ಲ ಸುತ್ತುಗಳ ಮೇಲೂ ಒಂದೇ ರೀತಿ ಜಾರಿದರೆ ಸರಿ. ಎಲ್ಲೋ ಒಂದು ಕಡೆ ಆ ಬೆಳಕು ತುಂಡಾದರೆ ಸುರುಳಿ ಬಾಗಿದೆ ಎಂದರ್ಥ. ಒಂದಿಷ್ಟು ಎಣ್ಣೆ ತಾಗಿದರೂ, ಕಾಂತದ ಹತ್ತಿರ ಇಟ್ಟು ಸುರುಳಿ ಕಾಂತಗೊಂಡರೂ ಸುತ್ತುಗಳು ಅಂಟಿಕೊಳ್ಳುತ್ತವೆ. ಆಗ ಸ್ಪ್ರಿಂಗಿನ ದುಡಿಯುವ ಉದ್ದ ಕಡಿಮೆಯಾಗಿ ವಾಚು ಮುಂದೆ ಓಡುತ್ತದೆ. ಪರೀಕ್ಷೆಯ ಯಂತ್ರ ಕಾಗದದ ಪಟ್ಟಿಯ ಮೇಲೆ ಚುಕ್ಕಿಗಳ ಸಾಲು ಹೊಡೆಯುತ್ತದೆ, ಸಾಲು ಓರೆಯಾದರೆ ವಾಚಿನ ನಡೆ ತಪ್ಪಿದೆ. ಆ ಸಾಲು ಓರೆಯಾಗುವುದನ್ನು ಸುರುಳಿಯ ಉಸಿರಾಟ ನೋಡಿಯೇ ಹೇಳಬಹುದಾಗಿತ್ತು ಎಂದು ಅಕ್ಕ ವಿವರಿಸಿದರು. ಹುಡುಗಿ ನಡುನಡುವೆ ಕೇಳುತ್ತಲೇ ಇದ್ದಳು. ಬೆಳಕು ಯಾವ ಕಡೆಯಿಂದ ಬರಬೇಕು? ಕೈ ನಡುಗಿದರೆ? ನೆಗಡಿಯಾದ ದಿನ ಏನು ಮಾಡುತ್ತಿದ್ದಿರಿ?

ನೆಗಡಿಯ ಪ್ರಶ್ನೆಗೆ ಅಕ್ಕ ಗಟ್ಟಿಯಾಗಿ ನಕ್ಕರು. ಸೀನು ಬಂದರೆ ಆ ದಿನದ ಕೆಲಸವೇ ಹಾರಿಹೋಗುತ್ತಿತ್ತಂತೆ.

ಪ್ರಬಂಧವನ್ನು ಪಕ್ಕಕ್ಕಿಟ್ಟು, ಈಗ ಈ ಹುಡುಗಿಗೆ ಹೇಳಿದ್ದನ್ನು ಅವಳಿಗೇ ಪತ್ರವಾಗಿ ಬರೆಯಿರಿ ಎಂದು ನಾವು ಕೇಳಿಕೊಂಡೆವು. ಒಂದು ಪುಟ ಸಾಕು ಎಂದಿದ್ದೆವು. ಮುಂದಿನ ತಿಂಗಳು ಅವರು ತಂದದ್ದು ಅದರ ಹಲವು ಪಟ್ಟು. ‘ನೋಡಮ್ಮ’ ಎಂದು ಪತ್ರ ಶುರುವಾಗುತ್ತಿತ್ತು. ವಾಕ್ಯಗಳು ಗಿಡ್ಡವಾಗಿದ್ದವು, ಒಂದೊಂದೂ ಒಂದು ಕೆಲಸ ಹೇಳುತ್ತಿತ್ತು. ದೇಶದ ಪ್ರಗತಿ ಎಲ್ಲಿಯೂ ಇರಲಿಲ್ಲ. ಪಕ್ಕದ ಬೆಂಚಿನ ಗೆಳತಿ ಉಸಿರು ಬಿಗಿಹಿಡಿದು ತಿರುಪು ಕೂರಿಸುತ್ತಿದ್ದ ಕ್ಷಣ ಇತ್ತು. ಕಾಗುಣಿತದ ತಪ್ಪುಗಳೂ ಇದ್ದವು. ಅವನ್ನು ತಿದ್ದಲು ಗುಂಪಿನ ನಿವೃತ್ತ ಶಿಕ್ಷಕರೊಬ್ಬರಿಗೆ ಕಾಲು ಗಂಟೆ ಸಾಕಾಯಿತು. ಇಷ್ಟು ವರ್ಷ ಒಬ್ಬರ ಬಾಯಿ ಕಟ್ಟಿದ್ದ ತೊಡಕು ಕಾಲು ಗಂಟೆಯದು ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮೈಸೂರಿನಲ್ಲಿ 1924ರಲ್ಲಿ ನಡೆದ ಒಂದು ಭೇಟಿಯನ್ನು ಕನ್ನಡದ ಓದುಗರು ಬಲ್ಲರು. ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಲು ಹೋದಾಗ, ಅವರು ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ತರುಣ ಕವಿಗೆ ಆ ಗಳಿಗೆಯಲ್ಲಿ ನಿರಾಸೆಯಾಯಿತು. ಅಲ್ಲಿ ದೊರೆತದ್ದು ಬೆನ್ನು ತಟ್ಟುವ ಮಾತಲ್ಲ, ಉತ್ತರ ಕೊಡಲೇಬೇಕಾದ ಒಂದು ಪ್ರಶ್ನೆ. ಅಕ್ಕನ ಪ್ರಕರಣವನ್ನು ಆ ಎತ್ತರಕ್ಕೆ ಹೋಲಿಸುತ್ತಿಲ್ಲ. ಆದರೆ ಬರೆಯುವವರಿಗೆ ಸಲ್ಲಬೇಕಾದ ಪ್ರೋತ್ಸಾಹ ಪ್ರಶ್ನೆಯ ರೂಪದಲ್ಲಿ ಬಂದಾಗ ಅದರ ಬಲ ಎಂಥದು ಎಂದು ಯೋಚಿಸುವಾಗ ಆ ಭೇಟಿ ನನಗೆ ಪದೇ ಪದೇ ನೆನಪಾಗುತ್ತದೆ.

ದಿನಪತ್ರಿಕೆಗೆ ಒಂದು ಪತ್ರ

ಒಬ್ಬ ಹುಡುಗಿಗೆ ಬರೆಯುವುದು ಬೇರೆ, ಕಾಣದ ಸಾವಿರ ಜನಕ್ಕೆ ಬರೆಯುವುದು ಬೇರೆ. ಈ ಹೊಳೆಯನ್ನು ದಾಟಿಸುವುದು ಹೇಗೆ ಎಂದು ನಮಗೂ ಸ್ಪಷ್ಟವಿರಲಿಲ್ಲ. ಲೇಖನವಾಗಿ ಬೆಳೆಸಿ ವಾರಪತ್ರಿಕೆಗೆ ಕಳುಹಿಸೋಣ ಎಂಬ ಸಲಹೆ ಬಂತು. ಅಕ್ಕ ಒಪ್ಪಲಿಲ್ಲ. ಅವರ ಹಿಂಜರಿಕೆ ಸಕಾರಣವಾಗಿತ್ತು: ಆ ಪತ್ರ ಆ ಹುಡುಗಿಯದು, ಬೇರೆಯವರಿಗೆ ಇದೆಲ್ಲ ಏಕೆ ಬೇಕು?

ದಾರಿ ತಾನಾಗಿ ತೆರೆಯಿತು. ಹಳೆಯ ಕೈಗಡಿಯಾರಗಳ ಬಗ್ಗೆ ದಿನಪತ್ರಿಕೆಯೊಂದರಲ್ಲಿ ಬಂದ ಬರಹದಲ್ಲಿ, ಕೀ ಕೊಡುವ ವಾಚಿಗೂ ಬ್ಯಾಟರಿ ವಾಚಿಗೂ ವ್ಯತ್ಯಾಸ ಕಲಸಿಹೋಗಿತ್ತು. ಸ್ಪ್ರಿಂಗಿಗೆ ಎಣ್ಣೆ ತಾಗಿದರೆ ವಾಚು ನಿಧಾನವಾಗುತ್ತದೆ ಎಂದೂ ಇತ್ತು. ಅಕ್ಕ ಬೆಳಿಗ್ಗೆಯೇ ಫೋನು ಮಾಡಿದರು. ಅಂಥ ಸಿಟ್ಟನ್ನು ಅವರಲ್ಲಿ ನಾನು ಕಂಡಿರಲಿಲ್ಲ. ‘ತಿಳಿಯದೆ ಬರೆದಿದ್ದಾರಮ್ಮ, ಓದಿದ ಮಕ್ಕಳು ಅದನ್ನೇ ಕಲಿಯುತ್ತಾರೆ’ ಎಂದರು. ಹಾಗಾದರೆ ನೀವೇ ತಿಳಿಸಿ ಎಂದೆ.

ಕನ್ನಡ ದಿನಪತ್ರಿಕೆಗಳ ಓದುಗರ ಅಂಕಣಗಳು ನಮ್ಮ ಬರವಣಿಗೆಯ ಬಹುದೊಡ್ಡ ಅಂಗಳ ಎಂದು ನನ್ನ ನಂಬಿಕೆ. ಪ್ರಜಾವಾಣಿಯ ‘ವಾಚಕರ ವಾಣಿ’ಯಂಥ ಅಂಕಣಕ್ಕೆ ಬರೆಯಲು ಲೇಖಕರೆಂಬ ಹೆಸರು ಬೇಕಿಲ್ಲ. ಹೇಳಲು ಒಂದು ಸಂಗತಿ ಇದ್ದರೆ ಸಾಕು. ಜಾಗ ಕಡಿಮೆ, ಆದ್ದರಿಂದ ಪೀಠಿಕೆಗೆ ಅವಕಾಶವಿಲ್ಲ. ಕೆಳಗೆ ಹೆಸರು, ಊರು. ಹೊಸದಾಗಿ ಬರೆಯುವವರ ಭಯಕ್ಕೆ ಇಷ್ಟು ಹೊಂದುವ ಅಳತೆ ಇನ್ನೊಂದಿಲ್ಲ. ಕಥೆ, ಕವಿತೆಗಳಿಂದಲೇ ಆರಂಭಿಸಬೇಕೆಂದು ಹಟ ಹಿಡಿಯುವವರಿಗೆ ನಾನು ಈ ಅಂಗಳವನ್ನು ತೋರಿಸುತ್ತಲೇ ಇರುತ್ತೇನೆ.

ಅಕ್ಕ ನೂರೈವತ್ತು ಪದಗಳಷ್ಟು ಬರೆದರು. ಪತ್ರಿಕೆ ಅದನ್ನು ಇನ್ನಷ್ಟು ಚಿಕ್ಕದು ಮಾಡಿ ಪ್ರಕಟಿಸಿತು. ಕೆಳಗೆ ಅವರ ಹೆಸರು, ಮುಂದೆ ‘ಬೆಂಗಳೂರು’. ಮನೆಯಲ್ಲಿ ಯಾರಿಗೂ ಅವರು ಹೇಳಿರಲಿಲ್ಲ. ಕಾಫಿ ಕುಡಿಯುತ್ತಾ ಪತ್ರಿಕೆ ತಿರುವುತ್ತಿದ್ದ ಯಜಮಾನರಿಗೆ ತಾವಾಗಿಯೇ ಕಣ್ಣಿಗೆ ಬಿತ್ತು. ಅವರು ಅದೇ ಕಾರ್ಖಾನೆಯ ಯಂತ್ರ ವಿಭಾಗದಲ್ಲಿದ್ದವರು, ಮಾತು ಕಡಿಮೆ. ಓದಿ ಮುಗಿಸಿ, ಹೇಳಿದ್ದು ಸರಿಯಾಗಿದೆ ಎಂದರಂತೆ. ಚೆನ್ನಾಗಿದೆ ಎನ್ನಲಿಲ್ಲ, ಸರಿಯಾಗಿದೆ ಎಂದರು ಎನ್ನುವುದನ್ನು ಅಕ್ಕ ನನಗೆ ಒತ್ತಿ ಹೇಳಿದರು.

ತುಮಕೂರಿನಿಂದ ಬಂದ ಕರೆ

ಪ್ರಕರಣದ ನಿಜವಾದ ತಿರುವು ನನ್ನ ದೃಷ್ಟಿಯಲ್ಲಿ ಇದು.

ಎಚ್‌ಎಂಟಿಯ ಇನ್ನೊಂದು ವಾಚ್ ಕಾರ್ಖಾನೆ ತುಮಕೂರಿನಲ್ಲಿತ್ತು. ಅಲ್ಲಿ ದುಡಿದ, ತರಬೇತಿಯ ದಿನಗಳಲ್ಲಿ ಅಕ್ಕನ ಜೊತೆಗಿದ್ದ ಗೆಳತಿಯೊಬ್ಬರು ಆ ಪತ್ರ ಓದಿ, ಯಾರು ಯಾರನ್ನೋ ಕೇಳಿ ನಂಬರು ಹುಡುಕಿ ಫೋನು ಮಾಡಿದರು. ದಶಕಗಳ ನಂತರದ ಮಾತು. ಕುಶಲ ವಿಚಾರಿಸಿದ್ದು ಎರಡು ನಿಮಿಷ, ಆಮೇಲೆ ತಕರಾರು. ‘ಏನೇ, ನೀನು ಬರೆದದ್ದು ಅರ್ಧ. ಸ್ಪ್ರಿಂಗಿಗೆ ಎಣ್ಣೆ ತಾಗಿದರೆ ಮುಂದೆ ಓಡುತ್ತದೆ, ಒಪ್ಪಿದೆ. ಆದರೆ ಅಚ್ಚುಗಳಲ್ಲಿನ ಎಣ್ಣೆ ಒಣಗಿ ಜಿಡ್ಡಾದರೆ ಚಕ್ರಕ್ಕೆ ಬಲ ಸಾಲದೆ ವಾಚು ಸೋಲುತ್ತದೆ, ನಿಂತೂ ಹೋಗುತ್ತದೆ. ಜನ ರಿಪೇರಿಗೆ ತರುತ್ತಿದ್ದುದು ಹೆಚ್ಚಾಗಿ ಅದಕ್ಕೇ. ಅದನ್ನು ಏಕೆ ಬಿಟ್ಟೆ?’

ಇದನ್ನು ಕೇಳಿದಾಗ ನನಗೆ ಆತಂಕವಾಯಿತು. ಮೊದಲ ಸಲ ಅಚ್ಚಾದ ನಾಲ್ಕು ಸಾಲಿಗೆ ಆಕ್ಷೇಪಣೆ ಬಂದರೆ ಎಷ್ಟೋ ಜನ ಪೆನ್ನು ಮುಚ್ಚಿಡುತ್ತಾರೆ, ಅಂಥವರನ್ನು ಕಂಡಿದ್ದೇನೆ. ಅಕ್ಕನ ಮುಖದಲ್ಲಿ ಬೇರೆಯೇ ಕಳೆ ಇತ್ತು. ತನ್ನನ್ನು ಯಾರೋ ಓದಿದ್ದಾರೆ, ಒಂದೊಂದು ಪದ ಹಿಡಿದು ಓದಿದ್ದಾರೆ, ಊರಾಚೆಯಿಂದ ಹುಡುಕಿಕೊಂಡು ಬಂದು ಕೇಳಿದ್ದಾರೆ. ‘ಅವಳು ಹೇಳಿದ್ದೂ ಸರಿ, ನಾನು ಬರೆದದ್ದೂ ಸರಿ. ಎರಡನ್ನೂ ಹೇಳಬೇಕಾದರೆ ಆ ಅಂಕಣದ ಜಾಗ ಸಾಲುವುದಿಲ್ಲ’ ಎಂದರು.

ದೀರ್ಘವಾಗಿ ಬರೆಯುವ ಆಸೆ ಅವರಲ್ಲಿ ಹುಟ್ಟಿದ್ದು ಹೀಗೆ. ಲೇಖಕಿ ಆಗಬೇಕು ಎಂಬ ಬಯಕೆಯಿಂದಲ್ಲ, ಹೇಳುವುದಕ್ಕೆ ಜಾಗ ಸಾಲದೆ. ಇಷ್ಟು ವರ್ಷ ನೆಂಟರಿಷ್ಟರು ಪುಸ್ತಕ ಬರೆಯಿರಿ ಎಂದಾಗ ಆಗದಿದ್ದುದು ಗೆಳತಿಯ ಒಂದು ತಕರಾರಿಗೆ ಆಯಿತು. ಪ್ರೋತ್ಸಾಹಿಸುತ್ತೇವೆ ಎಂದುಕೊಂಡ ನಾವು ಹೊಸಬರನ್ನು ಎಲ್ಲ ಆಕ್ಷೇಪಣೆಗಳಿಂದ ಕಾಪಾಡಲು ಹೋಗುತ್ತೇವೆ. ವಿಷಯ ಬಲ್ಲವರು ವಿಷಯದ ಬಗ್ಗೆ ಎತ್ತುವ ಆಕ್ಷೇಪಣೆಯನ್ನು ತಡೆಯಬಾರದು ಎಂದು ಈಗ ನನಗೆ ದೃಢವಾಗಿ ಅನಿಸುತ್ತದೆ. ಭಾಷೆ ಪಕ್ವವಾಗಬೇಕು ಎಂಬ ಮಾತಿಗೂ ಅಚ್ಚಿನ ಎಣ್ಣೆಯನ್ನು ಏಕೆ ಬಿಟ್ಟೆ ಎಂಬ ಮಾತಿಗೂ ಅಜಗಜಾಂತರ. ಮೊದಲನೆಯದಕ್ಕೆ ಬರೆದವರ ಬಳಿ ಉತ್ತರವಿಲ್ಲ. ಎರಡನೆಯದಕ್ಕೆ ಉತ್ತರ ಅವರ ಬೆರಳಲ್ಲಿದೆ.

ಆ ಲೇಖನ ಹಲವು ಕರಡುಗಳನ್ನು ಕಂಡಿತು. ಒಂದು ನಿಯತಕಾಲಿಕ ಮರಳಿಸಿತು, ಇನ್ನೊಂದು ಪ್ರಕಟಿಸಿತು. ಮರಳಿ ಬಂದಾಗ ಅಕ್ಕ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಹುಡುಗಿಗೆ ಓದಿ ಹೇಳಿ, ಅವಳು ಆಕಳಿಸಿದ ಕಡೆಯೆಲ್ಲ ಕತ್ತರಿ ಹಾಕಿದರು. ನಂತರ ಬಂದ ಬರಹಗಳ ವಿವರ ಇಲ್ಲಿ ಬೇಕಿಲ್ಲ. ಆರಂಭದ ಕಷ್ಟ ಅಲ್ಲಿಗೆ ಮುಗಿದಿತ್ತು.

ಸಲೀಸಾಗದ ಕೆಲವು ಸಂಗತಿಗಳು

ಎಲ್ಲವೂ ನೆಟ್ಟಗಾಯಿತು ಎಂದು ಹೇಳಿದರೆ ಈ ದಾಖಲೆ ಅಪೂರ್ಣವಾಗುತ್ತದೆ. ಪ್ರಕಟವಾದ ಲೇಖನದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಕಷ್ಟ, ಹೆಸರಿಲ್ಲದಿದ್ದರೂ, ಗುರುತು ಸಿಗುವಂತೆ ಬಂದಿತ್ತು. ಅವರ ಮಗಳಿಗೆ ನೋವಾಯಿತು. ಅಕ್ಕ ಯಶವಂತಪುರದ ಅವರ ಮನೆಗೆ ಹೋಗಿ ಮಾತನಾಡಿ ಬಂದರು. ಅಂದಿನಿಂದ ಯಾರ ಬಗ್ಗೆ ಬರೆದರೂ ಅವರಿಗೋ ಅವರ ಮನೆಯವರಿಗೋ ಮೊದಲು ಓದಿ ತೋರಿಸುತ್ತಾರೆ. ಇದರಿಂದ ಬರವಣಿಗೆಯ ವೇಗ ಕಡಿಮೆಯಾಗಿದೆ. ಡೈರಿ ಬರೆಯುವಾಗ ಇಲ್ಲದ ಈ ಹೊಣೆ ಓದುಗರು ಬಂದೊಡನೆ ಹೆಗಲೇರುತ್ತದೆ. ಅದನ್ನು ಮೊದಲೇ ತಿಳಿಸುವುದೂ ಪ್ರೋತ್ಸಾಹದ ಭಾಗವೇ. ನಮ್ಮ ಗುಂಪಿನಲ್ಲಿ ಈಗ ಹೊಸಬರಿಗೆ ಇದನ್ನು ಹೇಳುತ್ತೇವೆ.

ಸ್ವಯಂ ನಿವೃತ್ತಿ ಪಡೆದ ವರ್ಷದ ಬಗ್ಗೆ ಅಕ್ಕ ಇನ್ನೂ ಬರೆದಿಲ್ಲ. ಮನೆಯಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಬಿಟ್ಟ ಕಾಲ ಅದು, ಮಕ್ಕಳ ಓದು ನಡುವಿನಲ್ಲಿತ್ತು. ಯಜಮಾನರಿಗೆ ಅದನ್ನು ಬರೆಯುವುದು ಇಷ್ಟವಿಲ್ಲ. ಓದುಗರಲ್ಲಿ ಹಲವರು ಅದನ್ನೇ ಕೇಳುತ್ತಾರೆ. ಪ್ರಶ್ನೆಯೇ ಪ್ರೋತ್ಸಾಹ ಎಂದು ಇಷ್ಟೆಲ್ಲ ಹೇಳಿದ ನಾನು ಈ ಒಂದು ಪ್ರಶ್ನೆಯನ್ನು ಅವರ ಮುಂದೆ ಇಡುವುದಿಲ್ಲ. ಯಾವ ಪ್ರಶ್ನೆಗೆ ಯಾವಾಗ ಉತ್ತರ ಕೊಡಬೇಕು, ಕೊಡಬೇಕೋ ಬೇಡವೋ ಎಂಬ ತೀರ್ಮಾನ ಬರೆಯುವವರದು. ಆ ಕಥೆಯಲ್ಲಿ ಅರ್ಧ ಪಾಲು ಇನ್ನೊಬ್ಬರದಾಗಿರುವಾಗ ಆ ತೀರ್ಮಾನವೂ ಇಬ್ಬರದು.

ಎಂಜಿನಿಯರಿಂಗ್ ಮುಗಿಸಿದ ಹುಡುಗಿ ಕೆಲಸಕ್ಕೆ ಸೇರಿ ಪುಣೆಗೆ ಹೋಗಿದ್ದಾಳೆ. ಅವಳು ಹೊರಟಾಗ ಅಕ್ಕನ ಬರವಣಿಗೆ ನಿಂತೀತೇ ಎಂದು ನಾವು ಗಮನಿಸುತ್ತಿದ್ದೆವು. ನಿಲ್ಲಲಿಲ್ಲ. ಕರಡುಗಳಲ್ಲಿ ‘ನೋಡಮ್ಮ’ ಎಂಬ ಸಂಬೋಧನೆ ಇಂದಿಗೂ ಇರುತ್ತದೆ, ಪತ್ರಿಕೆಗೆ ಕಳುಹಿಸುವ ಮುನ್ನ ಅದನ್ನು ತೆಗೆಯುತ್ತಾರೆ.

ತುಮಕೂರಿನ ಗೆಳತಿ ಈಗ ತಮ್ಮ ಉತ್ತರವನ್ನು ತಾವೇ ಬರೆಯುತ್ತಿದ್ದಾರೆ. ಅವರ ಹಿಂಜರಿಕೆಗಳೂ ಅವೇ: ಕಾಗುಣಿತ, ವಯಸ್ಸು, ನನ್ನದನ್ನು ಯಾರು ಓದುತ್ತಾರೆ ಎಂಬ ಮಾತು. ಅಕ್ಕ ವಾರಕ್ಕೊಮ್ಮೆ ಫೋನಿನಲ್ಲಿ ಅವರಿಗೆ ಪ್ರಶ್ನೆಗಳನ್ನು ಕೊಡುತ್ತಾರೆ. ನಿಮ್ಮಲ್ಲಿ ಅಚ್ಚುಗಳಿಗೆ ಎಣ್ಣೆ ಬಿಡುತ್ತಿದ್ದುದು ಯಾರು, ಎಷ್ಟು ಬಿಡಬೇಕೆಂದು ಹೇಗೆ ಕಲಿಸಿದರು, ಹೆಚ್ಚಾದರೆ ಏನು ಮಾಡುತ್ತಿದ್ದಿರಿ? ಇಬ್ಬರ ಬರಹಗಳೂ ಮುಂದಿನ ತಿಂಗಳ ಸಭೆಯಲ್ಲಿ ಓದಿಗೆ ಬರಲಿವೆ. ಅಭಿಪ್ರಾಯ ಬೇರೆಯಾಗಿರುವ ಕಡೆ ಎರಡನ್ನೂ ಹಾಗೆಯೇ ಉಳಿಸಬೇಕು ಎಂದು ಇಬ್ಬರೂ ಒಪ್ಪಿದ್ದಾರೆ. ಯಾರದು ಮೊದಲು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.